ಒಂಟೆಗೊಂದು ಕಿಟಕಿ

ನಮ್ಮ ಮನೆಯ ನಡುಮನೆಯಲ್ಲಿ ನಟ್ಟನಡುವೆ ನಡೆದುಹೋಗುವ ಹಕ್ಕು ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ತಾತ, ಇನ್ನೊಂದು ಹಸು. ಹಸು ಬೆಳಿಗ್ಗೆ ಮುಂಬಾಗಿಲಿನಿಂದ ಮೇಯಲು ಹೊರಟು, ಸಂಜೆ ಅದೇ ಬಾಗಿಲಿನಿಂದ ಬಂದು, ತಾತನ ಬೆಂಚಿನ ಪಕ್ಕದಲ್ಲೇ ಹಾದು ಕೊಟ್ಟಿಗೆಗೆ ಇಳಿಯುತ್ತಿತ್ತು. ಕೊಟ್ಟಿಗೆ ಮನೆಯೊಳಗೇ ಇತ್ತು. ನಡುಮನೆಗೂ ಅದಕ್ಕೂ ನಡುವೆ ಸೊಂಟದೆತ್ತರದ ಒಂದು ಗೋಡೆ, ಅಷ್ಟೆ. ನಾವು ಮುದ್ದೆ ಉಣ್ಣುವಾಗ ಹಸು ಗೋಡೆಯ ಮೇಲಿಂದ ಮೂತಿ ಚಾಚಿ ಯಾರ ತಟ್ಟೆಯಲ್ಲಿ ಏನು ಉಳಿದಿದೆ ಎಂದು ನೋಡುತ್ತಿತ್ತು. ಉಳಿದವರು, ಅಂದರೆ ಅಜ್ಜಿ, ಅವ್ವ, ನಾನು, ಕೊನೆಗೆ ಹೊಲವನ್ನೆಲ್ಲ ಒಬ್ಬನೇ ಗೇಯುತ್ತಿದ್ದ ಅಪ್ಪ ಕೂಡ, ಅಡಿಗೆಮನೆಯಿಂದ ಜಗಲಿಗೆ ಹೋಗಬೇಕೆಂದರೆ ಗೋಡೆಯ ಪಕ್ಕದಲ್ಲೇ ಹೋಗುತ್ತಿದ್ದೆವು. ಹಾಗೆ ಹೋಗಿ ಎಂದು ತಾತ ಒಂದು ದಿನವೂ ಹೇಳಿದ್ದಿಲ್ಲ. ಆದರೂ ಗೋಡೆಯ ಬುಡದ ನೆಲ ನಮ್ಮ ಕಾಲಿಗೆ ಸವೆದು ನುಣುಪಾಗಿತ್ತು, ನಡುವಿನ ನೆಲದಲ್ಲಿ ಅವ್ವ ಸಾರಿಸಿದ ಸಗಣಿಯ ಗೆರೆ ಹಾಗೇ ಉಳಿದಿರುತ್ತಿತ್ತು.

ಹುಣಸೂರು ತಾಲೂಕಿನಲ್ಲಿ, ಕಟ್ಟೆಮಳಲವಾಡಿಯಿಂದ ಸ್ವಲ್ಪ ಆಚೆಗೆ ನಮ್ಮೂರು. ಊರಿಗೆಲ್ಲ ಹೊಗೆಸೊಪ್ಪಿನ ಬೇಸಾಯ. ಈಗ ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬ ಕಾಗದ ಮೊದಲು ಬಂದದ್ದು ನನ್ನ ಹೆಸರಿಗೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದು ಸುಮ್ಮನೆ ಬರಲಿಲ್ಲ. ಒಂದು ಸಲವಂತೂ ಕೈತಪ್ಪಿ ಹೋಗುವುದರಲ್ಲಿತ್ತು. ಅದು ಉಳಿದ ಬಗೆಯನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯಲ್ಲಿ ಮಾತು ಹೇಗೆ ನಡೆಯುತ್ತಿತ್ತು ಎಂದು ಹೇಳಬೇಕು. ತಾತನ ಹತ್ತಿರ ಏನಾದರೂ ಕೇಳಬೇಕಿದ್ದರೆ ನಾವು ಅಜ್ಜಿಗೆ ಹೇಳುತ್ತಿದ್ದೆವು. ಅಜ್ಜಿ ಅದನ್ನು ತಾತನಿಗೆ ಹೇಳುತ್ತಿರಲಿಲ್ಲ. ಗೋಡೆಯ ಹತ್ತಿರ ಹೋಗಿ, ಹಸುವಿನ ಗಂಗೆದೊಗಲು ಸವರುತ್ತ, ತಾತನಿಗೆ ಕೇಳುವಷ್ಟು ಜೋರಾಗಿ ಹಸುವಿಗೆ ಹೇಳುತ್ತಿದ್ದರು. ಹಸುವಿನ ಹೆಸರು ಕೆಂದಿ. ನನಗೆ ನೆನಪಿರುವಂತೆ ಮೂರು ಹಸು ಬದಲಾದವು, ಅದರಲ್ಲಿ ಒಂದು ಕಪ್ಪಗಿತ್ತು, ಆದರೂ ಹೆಸರು ಮಾತ್ರ ಕೆಂದಿಯೇ.

“ಕೆಂದೀ, ಹುಡ್ಗಿ ಸ್ಲೇಟು ಒಡ್ದೋಗದಂತೆ ಕಣವ್ವ. ನಾಳೆ ಹುಣಸೂರ್ಗೆ ಹೋಗೋರು ಒಂದ್ ತಂದ್ರೆ ಆಯ್ತದೆ.”

ತಾತ ಬೆಂಚಿನ ಮೇಲಿಂದ, ಬಾಗಿಲ ಕಡೆ ನೋಡುತ್ತಲೇ,

“ಕೆಂದೀ, ಅದೇ ಒಡ್ದೋಯ್ತೋ, ಇವ್ಳು ಒಡುದ್ಲೋ ಕೇಳು.”

“ಸ್ಲೇಟು ಅಂದ್ರೆ ಒಡಿಯಾದೇ ಕಣವ್ವ ಕೆಂದಿ. ಕಬ್ಬುಣದಲ್ಲಿ ಮಾಡವ್ರಾ?”

ಮರುದಿನ ಸ್ಲೇಟು ಬರುತ್ತಿತ್ತು. ಬೇರೆ ಮನೆಗಳಲ್ಲಿ ಅಜ್ಜ ಅಜ್ಜಿಯರು ನೇರವಾಗಿ ಬೈದಾಡಿಕೊಳ್ಳುವುದನ್ನು ನೋಡಿದ ಮೇಲೆ ನನಗೆ ಇದೊಂದು ವಿಚಿತ್ರ ಎನ್ನಿಸತೊಡಗಿತು. ನನಗೆ ಆಗಿನಿಂದಲೂ ಯಾಕೆ ಎಂದು ಕೇಳದಿದ್ದರೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ.

“ಅಜ್ಜಿ, ತಾತನ್ನ ನೀನ್ಯಾಕೆ ಮಾತಾಡ್ಸಲ್ಲ? ಜಗಳವಾ?”

“ಜಗ್ಳ ಯಾಕವ್ವ? ನಾ ಮದ್ವೆಯಾಗಿ ಬಂದಾಗ ನಮ್ಮತ್ತೆ ಇದ್ರು. ಅತ್ತೆ ಮುಂದೆ ಗಂಡನ್ನ ಮಾತಾಡ್ಸಂಗಿರ್ನಿಲ್ಲ.”

“ಅವ್ರು ಈಗ ಇಲ್ವಲ್ಲ?”

“ಅವ್ರು ಹೋಗಾಗಂಟ ಇಪ್ಪತ್ತೊರ್ಸ ಆಗೋಗಿತ್ತು. ಆಮ್ಯಾಕೆ ಏನಂತ ಸುರು ಮಾಡಾದು, ನೀನೇ ಹೇಳು.”

ಅಜ್ಜಿ ಕಟ್ಟಿ ಮುಗಿಸಿದ ಕಡ್ಡಿಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡರು.

ಅಜ್ಜಿ ತವರಿನಿಂದ ತಂದ ಸಾಮಾನಿನಲ್ಲಿ ಒಂದು ಮಣೆ ಇತ್ತು. ಅವರ ತವರು ಪಿರಿಯಾಪಟ್ಟಣದ ಕಡೆ. ಮಣೆಯ ಮೇಲ್ಭಾಗ ಎಲ್ಲ ಮಣೆಗಳಂತೆ. ನೆಂಟರು ಬಂದರೆ ಅದರ ಮೇಲೆ ಕೂತು ಉಣ್ಣುತ್ತಿದ್ದರು. ಮಗುಚಿದರೆ ಹಿಂಬದಿಯಲ್ಲಿ ಚಾಕುವಿನಿಂದ ಕೊರೆದ ಎಂಟೆಂಟು ಚೌಕಗಳು. ಅವುಗಳಿಗೆ ಕಪ್ಪು ಬಿಳುಪು ಬಣ್ಣವಿರಲಿಲ್ಲ, ಬರೀ ಗೆರೆ. ಅದರ ಮೇಲೆ ಅಜ್ಜಿ ಚದುರಂಗ ಆಡುತ್ತಿದ್ದರು. ಓದು ಬರಹ ಬಾರದ ನಮ್ಮಜ್ಜಿಗೆ ಅದನ್ನು ಕಲಿಸಿದವರು ಅವರಪ್ಪ. ಕಾಯಿಗಳು ಮರದವು, ಅರ್ಧಕ್ಕರ್ಧ ಕಳೆದುಹೋಗಿದ್ದವು. ಒಬ್ಬ ರಾಜನ ಜಾಗದಲ್ಲಿ ತಲೆನೋವಿನ ಮುಲಾಮಿನ ಪುಟ್ಟ ಸೀಸೆ ನಿಲ್ಲುತ್ತಿತ್ತು. ಒಂದು ಆನೆ ಎಂದರೆ ತಾತನ ನಸ್ಯದ ಖಾಲಿ ಡಬ್ಬಿ. ಒಂಟೆಗಳನ್ನು ಕೆತ್ತಿದವನು ಒಂಟೆಯನ್ನು ನೋಡಿರಲಿಲ್ಲ ಎಂದು ಕಾಣುತ್ತದೆ, ಅವು ನಮ್ಮ ಎತ್ತುಗಳ ಹಾಗೇ ಇದ್ದವು. ಕುದುರೆಗಳಲ್ಲಿ ಒಂದಕ್ಕೆ ಕಿವಿ ಮುರಿದಿತ್ತು. ಅಜ್ಜಿ ಅದನ್ನು ‘ಕಿವಿಮುರುಕ’ ಎಂದೇ ಕರೆಯುತ್ತಿದ್ದರು. ಎಲ್ಲ ಕಾಯಿಗಳ ಮೇಲೂ ಕರೀ ಅಂಟು. ಹಸಿ ಹೊಗೆಸೊಪ್ಪು ಮುಟ್ಟಿದ ಕೈ ಎಷ್ಟು ತೊಳೆದರೂ ಅಂಟು ಬಿಡುವುದಿಲ್ಲ. ಆ ದಿನಗಳಲ್ಲಿ ಅವ್ವ ಕಲಸಿದ ಅನ್ನವೂ ಕಹಿ.

ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಒಣಗಿಸುವ ಬೆಂಕಿಮನೆಯಲ್ಲಿ, ಸೊಪ್ಪು ಬೇಯುವ ದಿನಗಳಲ್ಲಿ ಹಗಲು ಹೊತ್ತು ಬೆಂಕಿ ನೋಡಿಕೊಳ್ಳುವುದು ಅಜ್ಜಿಯ ಪಾಲಿಗೆ ಬರುತ್ತಿತ್ತು. ಉರಿ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಒಂದು ಸೌದೆ ಒತ್ತಿ ಬಂದರೆ ಒಂದಿಷ್ಟು ಹೊತ್ತು ಬಿಡುವು. ಆ ಬಿಡುವಿನಲ್ಲಿ ನಡುಮನೆಯ ಗೋಡೆಯ ಪಕ್ಕ ಮಣೆ ಮಗುಚಿ ನನ್ನನ್ನು ಕೂರಿಸಿಕೊಂಡರು. ಆಗ ನನಗೆ ಏಳೋ ಎಂಟೋ ವಯಸ್ಸು. ಅಜ್ಜಿಯ ಆಟದಲ್ಲಿ ಪೇದೆ ಯಾವಾಗಲೂ ಒಂದೇ ಹೆಜ್ಜೆ ಇಡುತ್ತಿತ್ತು. ರಾಜ ಮಾತ್ರ, ಅವನಿಗೆ ಯಾರೂ ಶಹ, ಅಂದರೆ ಚೆಕ್, ಕೊಡದಿದ್ದರೆ, ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದಾಗಿತ್ತು. ಆ ನೆಗೆತವನ್ನು ಅಜ್ಜಿ ಹಬ್ಬದ ಸೀರೆಯ ಹಾಗೆ ಕಾಪಾಡಿಟ್ಟುಕೊಳ್ಳುತ್ತಿದ್ದರು. ನಾನು ಎಲ್ಲ ಮಕ್ಕಳಂತೆ ನಡುವಿನ ಪೇದೆಯನ್ನೇ ಮೊದಲು ದೂಡಿದರೆ ಬೈಯುತ್ತಿದ್ದರು.

“ನಡೂಕ್ ಹೋಗಿ ನಿಂತ್ಕಂಡ್ರೆ ಎಲ್ಲಾರೂ ಬಂದು ಗುದ್ದಾಕಿಲ್ವಾ? ಕುದ್ರೆ ಮುಂದ್ಲ ಪೇದೆನ ಒಂದೆಜ್ಜೆ ಸರ್ಸು. ಆ ಜಾಗ್ದಲ್ಲಿ ಒಂಟೆ ಕೂರ್ಸು. ಒಂಟೆಗೊಂದ್ ಕಿಟ್ಕಿ ತಗ್ದಂಗಾಯ್ತು. ಇನ್ನ ಅಲ್ಲೇ ಕೂತ್ಕಂಡು ಊರೆಲ್ಲಾ ನೋಡ್ತದೆ.”

ಹೌದು, ಅಲ್ಲಿ ಕೂತ ಒಂಟೆ ಮೂಲೆಯಿಂದ ಮೂಲೆಗೆ ನೋಡುತ್ತಿತ್ತು. ಅದೊಂದು ಬೆರಗು ನನಗೆ. ನಡುವಿಗೆ ಕಾಲಿಡದೆಯೇ ನಡುವೆಲ್ಲ ಕಾಣುತ್ತದಲ್ಲ! ಅಜ್ಜಿ ಎರಡೂ ಮಗ್ಗುಲಲ್ಲಿ ಹೀಗೆ ಕಿಟಕಿ ತೆರೆದುಕೊಂಡು, ನಾನು ನಡುವೆ ಕಟ್ಟಿದ್ದನ್ನೆಲ್ಲ ಒಂದೊಂದೇ ಕೀಳುತ್ತಿದ್ದರು. ಬೆಂಚಿನ ಮೇಲೆ ತಾತ ನಮಗೆ ಬೆನ್ನು ಮಾಡಿ ಕೂತಿರುತ್ತಿದ್ದರು. ಹೆಂಗಸರು ಮಕ್ಕಳ ಆಟ ಅವರಿಗೇಕೆ ಎಂದೇ ನಾನು ತಿಳಿದಿದ್ದೆ.

ಹುಣಸೂರಿನ ಕಾಲೇಜಿನಲ್ಲಿ ಪಿಯುಸಿಗೆ ಸೇರಿದಾಗ ಚೆಸ್ ಎಂಬ ಸ್ಪರ್ಧೆಗೆ ಹೆಸರು ಕೊಟ್ಟೆ. ಎದುರಿಗೆ ಕೂತ ಹುಡುಗ ಮೊದಲ ನಡೆಯಲ್ಲೇ ಪೇದೆಯನ್ನು ಎರಡು ಹೆಜ್ಜೆ ನಡೆಸಿದ. ನಾನು “ಮೋಸ!” ಎಂದು ಕೂಗಿಕೊಂಡೆ. ಕೋಣೆಯೆಲ್ಲ ನಕ್ಕಿತು. ಆಟದ ಮೇಷ್ಟ್ರು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಣದ ನಿಯಮಗಳನ್ನು ಹೇಳಿಕೊಟ್ಟರು: ಪೇದೆ ಮೊದಲ ಸಲ ಎರಡು ಹೆಜ್ಜೆ ಇಡಬಹುದು, ರಾಜ ಎಂದೂ ನೆಗೆಯುವಂತಿಲ್ಲ. ನಿಯಮ ತಲೆಗೆ ಹೋಯಿತು. ಕೈ ಮಾತ್ರ ಅಜ್ಜಿ ಕಲಿಸಿದ್ದನ್ನೇ ಆಡುತ್ತಿತ್ತು. ಕುದುರೆ ಮುಂದಿನ ಪೇದೆ ಒಂದು ಹೆಜ್ಜೆ, ಒಂಟೆಗೆ ಕಿಟಕಿ. ಆ ವರ್ಷ ಕಾಲೇಜಿಗೆ ನಾನೇ ಮೊದಲು ಬಂದೆ. ಪಿಯುಸಿ ಮುಗಿದಾಗ ಅದೇ ನನ್ನನ್ನು ಮೈಸೂರಿಗೆ ದಾಟಿಸಿತು. ಡಿಗ್ರಿ ಕಾಲೇಜಿನ ಹಾಸ್ಟೆಲಿನಲ್ಲಿ ಆಟಗಾರ್ತಿಯರಿಗೆಂದು ಕೆಲವು ಜಾಗಗಳಿದ್ದವು, ಅದರಲ್ಲಿ ಒಂದು ನನಗೆ ಸಿಕ್ಕಿತು. ಮನೆಯಲ್ಲಿ ವಿಷಯ ಎಂದಿನ ದಾರಿಯಲ್ಲೇ ಹೋಯಿತು.

“ಕೆಂದೀ, ನಮ್ ರತ್ನ ಮೈಸೂರ್ಗೆ ಓದಕ್ಕೋಯ್ತಳಂತೆ ಕಣವ್ವ.”

“ಕೆಂದೀ, ದಿನಾ ಬಸ್ಸಲ್ಲಿ ಓಡಾಡಕ್ಕಾಯ್ತದಾ ಕೇಳು.”

“ಆಸ್ಟೆಲ್ ಕೊಟ್ಟವ್ರಂತೆ. ಆಟ ಚಂದಾಗ್ ಆಡ್ತಳೆ ಅಂತ.”

ತಾತ ಒಂದು ಚಿಟಿಕೆ ನಸ್ಯ ಏರಿಸಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

“ಆಸ್ಟೆಲ್ ಇರಾಗಂಟ ಓದ್ಲಿ. ಆಸ್ಟೆಲ್ ಹೋದ್ ದಿನ ಮನೆಗ್ ಬಂದ್ಬುಡ್ಲಿ. ಹೇಳು ಕೆಂದಿ.”

ತಾತನ ಮಾತು ಅಂದರೆ ಅಷ್ಟೇ. ಅದಕ್ಕೆ ಎರಡನೇ ಮಾತಿರಲಿಲ್ಲ.

ಮೈಸೂರಿನಲ್ಲಿ ಎರಡು ವರ್ಷ ಕಳೆಯುತ್ತ ಬಂತು. ಎರಡನೇ ವರ್ಷ ನಾನು ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡಕ್ಕೆ ಆಯ್ಕೆಯಾದೆ. ಒಂದೊಂದು ಹಲಗೆಗೆ ಒಬ್ಬಳಂತೆ ಆಡುವವರು ನಾಲ್ವರು, ನಾನು ಐದನೆಯವಳು. ಯಾರಿಗಾದರೂ ಆಗದಿದ್ದರೆ ಮಾತ್ರ ನನ್ನ ಸರದಿ. ತಂಡವನ್ನು ನೋಡಿಕೊಳ್ಳುತ್ತಿದ್ದ ಮೇಡಂ ಮೊದಲ ದಿನವೇ ನನ್ನ ಆಟ ನೋಡಿ ಹುಬ್ಬೇರಿಸಿದ್ದರು.

“ಫ್ಲ್ಯಾಂಕ್ ಓಪನಿಂಗ್ ಆಡ್ತೀಯಲ್ಲ! ಯಾವ ಪುಸ್ತಕದಲ್ಲಿ ಕಲಿತೆ?”

“ಮಣೆ ಮೇಲೆ, ಮೇಡಂ.”

ನಡುವನ್ನು ಎದುರಾಳಿಗೆ ಬಿಟ್ಟುಕೊಟ್ಟು, ಮಗ್ಗುಲಿನಿಂದ ಒತ್ತಡ ಹಾಕುವ ಆಟಕ್ಕೆ ಹಾಗೊಂದು ಹೆಸರಿದೆ ಎಂದು ಆಗ ಗೊತ್ತಾಯಿತು. ಲೈಬ್ರರಿಯಲ್ಲಿ ಅದರ ಬಗ್ಗೆಯೇ ಒಂದು ದಪ್ಪ ಪುಸ್ತಕವಿತ್ತು. ಅಜ್ಜಿ ಸೌದೆ ಒತ್ತುವ ನಡುವೆ ಹೇಳಿದ್ದನ್ನು ಯಾರೋ ಎಲ್ಲೋ ಕೂತು ಪುಟಗಟ್ಟಲೆ ಬರೆದಿದ್ದಾರಲ್ಲ ಎಂದು ನಾನು ಆ ಪುಸ್ತಕವನ್ನು ಎಷ್ಟು ಸಲ ತಿರುವಿಹಾಕಿದೆನೋ. ನಮ್ಮ ತಂಡದ ನಾಯಕಿ ಸ್ಮಿತಾ ಮೈಸೂರಿನವಳೇ, ಚಿಕ್ಕಂದಿನಿಂದ ತರಬೇತಿ ಪಡೆದವಳು. ಅವಳು ಬೇರೆ ಹೆಸರಿಟ್ಟಳು.

“ಪುಸ್ತಕದ್ದಲ್ಲ ಕಣ್ರೇ ಇದು, ಹೊಗೆಸೊಪ್ಪು ಓಪನಿಂಗ್. ನಿಧಾನಕ್ಕೆ ಬೇಯಿಸಿ ಸಾಯಿಸ್ತಾಳೆ.”

ತಮಾಷೆಗೇ ಅಂದದ್ದು. ಆದರೆ ಒಂದು ದಿನ ವಾರ್ಡನ್ ಕರೆದು ಹೇಳಿದ್ದು ತಮಾಷೆಯಾಗಿರಲಿಲ್ಲ. ಮುಂದಿನ ವರ್ಷಕ್ಕೆ ಆಟಗಾರ್ತಿಯರ ಜಾಗ ಕಡಿಮೆಯಾಗಿದೆ, ತಂಡದಲ್ಲಿ ಉಳಿದವರಿಗೆ ಮಾತ್ರ ಕೋಣೆ. ಮೇಡಂ ಅದನ್ನು ಬಿಡಿಸಿ ಹೇಳಿದರು: ಬೇರೆ ವಿಶ್ವವಿದ್ಯಾಲಯಗಳ ಜೊತೆಗಿನ ಪಂದ್ಯಗಳು ಮುಗಿದ ಮೇಲೆ ಪಟ್ಟಿ ಮಾಡುತ್ತಾರೆ, ಒಂದು ಅಂಕವನ್ನೂ ತಾರದವಳ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ಕಷ್ಟ. ಆಟ ಸಮವಾದರೆ ಸಿಗುವ ಅರ್ಧ ಅಂಕವಾದರೂ ಬೇಕು. ನಾನಿನ್ನೂ ಒಂದು ಆಟವನ್ನೂ ಆಡಿರಲಿಲ್ಲ. ಹಾಸ್ಟೆಲ್ ಹೋದರೆ ಡಿಗ್ರಿಯ ಕೊನೆಯ ವರ್ಷವೂ ಹೋಗುತ್ತದೆ. ಕೆಂದಿಯ ಮೂಲಕ ಬಂದ ಆ ಮಾತನ್ನು ನಾನು ಮರೆತಿರಲಿಲ್ಲ.

ಕೊನೆಯ ಪಂದ್ಯದ ದಿನ ನಾಲ್ಕನೇ ಹಲಗೆಯಲ್ಲಿ ಆಡುವ ಹುಡುಗಿಗೆ ಜ್ವರ ಬಂತು. ಜ್ವರ ಬಂದವಳ ಬಗ್ಗೆ ಮರುಕಪಡಬೇಕಾದ ಹೊತ್ತಿನಲ್ಲಿ ನಾನು ಒಳಗೊಳಗೇ ಹಿಗ್ಗಿದೆ, ಅದನ್ನು ಮುಚ್ಚಿಡುವುದಿಲ್ಲ. ಪಂದ್ಯ ನಡೆದದ್ದು ಮೈಸೂರಿನಲ್ಲೇ, ದೊಡ್ಡದೊಂದು ಹಾಲ್‌ನಲ್ಲಿ. ಎದುರಿಗೆ ತಮಿಳುನಾಡಿನ ಕಡೆಯ ಹುಡುಗಿ, ಕನ್ನಡಕ, ಎರಡು ಜಡೆ. ನನಗೆ ಬಿಳಿ ಕಾಯಿ ಬಂತು. ಕುದುರೆ ಮುಂದಿನ ಪೇದೆಯನ್ನು ಒಂದು ಹೆಜ್ಜೆ ಸರಿಸಿದೆ. ಅವಳು ನಡುವಿನ ಪೇದೆಯನ್ನು ಎರಡು ಹೆಜ್ಜೆ ದೂಡಿದಳು. ನಾನು ಕಿಟಕಿಯಲ್ಲಿ ಒಂಟೆ ಕೂರಿಸಿದೆ. ಅವಳು ಇನ್ನೊಂದು ಪೇದೆ ತಂದಳು. ನಾನು ಇನ್ನೊಂದು ಮಗ್ಗುಲಲ್ಲೂ ಕಿಟಕಿ ತೆರೆದೆ. ಅವಳು ಮೂರು ಪೇದೆಗಳನ್ನು ನಡುವೆ ಸಾಲಾಗಿ ನಿಲ್ಲಿಸಿ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ನನಗೆ ಆ ನಗು ಗೊತ್ತಿತ್ತು. ಎಂಟು ವರ್ಷದವಳಾಗಿ ಅಜ್ಜಿಯ ಮುಂದೆ ನಾನೂ ಹಾಗೇ ನಕ್ಕಿದ್ದೆ. ಮುಂದಿನ ಒಂದು ಗಂಟೆ ಆ ಮೂರನ್ನು ಎರಡೂ ಕಡೆಯಿಂದ ಒತ್ತಿದೆ. ಒಂದು ಬಿತ್ತು. ಮಂತ್ರಿಗೆ ಮಂತ್ರಿ ಹೋಯಿತು. ನನಗೊಂದು ಪೇದೆ ಹೆಚ್ಚು. ಸ್ಮಿತಾ ತನ್ನ ಆಟ ಗೆದ್ದು ಬಂದು ನನ್ನ ಹಿಂದೆ ನಿಂತಳು. ಎರಡನೇ ಹಲಗೆಯಲ್ಲಿ ನಾವು ಸೋತಿದ್ದೆವು, ಮೂರನೆಯದು ಸಮ. ಹಾಲ್‌ನಲ್ಲಿ ಉಳಿದದ್ದು ನನ್ನ ಆಟವೊಂದೇ.

ಗಡಿಯಾರದಲ್ಲಿ ನನಗೆ ನಾಲ್ಕು ನಿಮಿಷ ಉಳಿದಿದ್ದಾಗ ಅವಳ ಆನೆ ನನ್ನ ರಾಜನ ಕಡೆಗೆ ತಿರುಗಿತು. ಶಹ ಇರಲಿಲ್ಲ. ಆದರೆ ಮುಂದಿನ ನಡೆಯಲ್ಲಿ ಅವಳ ಕುದುರೆ ಬಂದರೆ ಕಥೆ ಮುಗಿಯುತ್ತಿತ್ತು. ಆನೆಯನ್ನು ಅಡ್ಡ ತರಲೇ, ಒಂಟೆಯನ್ನು ತರಲೇ ಎಂದು ತಲೆ ಲೆಕ್ಕ ಹಾಕುತ್ತಿದ್ದಾಗ ಕೈ ತನ್ನ ಪಾಡಿಗೆ ಹೋಗಿ ರಾಜನನ್ನು ಎತ್ತಿತು. ಮೂಲೆಯ ಹತ್ತಿರದಿಂದ ಕುದುರೆಯ ಹಾಗೆ ನೆಗೆಸಿ, ನಡುವಿನ ಕಡೆಗೆ, ಮಂತ್ರಿ ಕಳಕೊಂಡು ಬರಿದಾಗಿದ್ದ ಜಾಗದ ಮುಂದೆ ತಂದಿಟ್ಟಿತು. ಗಡಿಯಾರವನ್ನೂ ಒತ್ತಿತು. ನಿರಾಳವಾಗಿ ಉಸಿರು ಬಿಟ್ಟೆ. ಎಷ್ಟು ಚೆಂದದ ನಡೆ!

ಎದುರಿನ ಹುಡುಗಿ ಕಣ್ಣರಳಿಸಿ ಕೈ ಎತ್ತಿದಳು. ತೀರ್ಪುಗಾರರು ಬಂದರು. ನರೆತ ಮೀಸೆಯ ದೊಡ್ಡ ವಯಸ್ಸಿನವರು. ಅಷ್ಟರಲ್ಲಿ ನನಗೂ ಗೊತ್ತಾಗಿತ್ತು. ಬೆನ್ನ ಹಿಂದೆ ಸ್ಮಿತಾ ಮೆಲ್ಲಗೆ “ಅಯ್ಯೋ ರತ್ನ” ಎಂದದ್ದು ಕೇಳಿತು. ತೀರ್ಪುಗಾರರು ರಾಜನನ್ನು ಹಿಂದಿನ ಜಾಗಕ್ಕೆ ಇಟ್ಟು, ಅವಳ ಗಡಿಯಾರಕ್ಕೆ ಎರಡು ನಿಮಿಷ ಸೇರಿಸಿ, ನನಗೆ ಹೇಳಿದರು:

“ತಪ್ಪು ನಡೆ. ಇನ್ನೊಂದು ಸಲ ಹೀಗಾದರೆ ಆಟ ಹೋಗುತ್ತೆ. ರಾಜನ್ನ ಮುಟ್ಟಿದೀಯ, ರಾಜನ್ನೇ ನಡೆಸಬೇಕು.”

ರಾಜನಿಗೆ ಹೋಗಲು ಒಂದೇ ಚೌಕವಿತ್ತು, ಪಕ್ಕದ್ದು. ಆನೆಯನ್ನೋ ಒಂಟೆಯನ್ನೋ ಅಡ್ಡ ತರುವ ಯೋಚನೆ ಬಿಡಬೇಕಾಯಿತು. ಒಂದು ಹೆಜ್ಜೆ ಇಟ್ಟೆ. ಅವಳ ಕುದುರೆ ಬಂದು ಶಹ ಕೊಟ್ಟಿತು. ಮತ್ತೆ ಒಂದು ಹೆಜ್ಜೆ ಇಟ್ಟೆ, ನಡುವಿನ ಕಡೆಗೆ. ಇಟ್ಟ ಮೇಲೆ ನೋಡುತ್ತೇನೆ, ನನ್ನ ಕೈ ನೆಗೆಸಿದ್ದ ಚೌಕವೇ ಅದು! ಒಂದು ನೆಗೆತದಲ್ಲಿ ಹೋಗಬಾರದೆಂದ ಜಾಗಕ್ಕೆ ಎರಡು ಹೆಜ್ಜೆಯಲ್ಲಿ ಬಂದು ನಿಂತಿದ್ದೆ. ದಾರಿಯಲ್ಲಿ ನನ್ನ ಹೆಚ್ಚಿನ ಪೇದೆ ಹೋಯಿತು. ಆದರೆ ಮಂತ್ರಿಗಳಿಲ್ಲದ ಹಲಗೆಯ ನಡುವೆ ನಿಂತ ರಾಜನನ್ನು ಹಿಡಿಯುವುದು ಸುಲಭವಿರಲಿಲ್ಲ. ಅಜ್ಜಿಯ ಆಟದಲ್ಲಿ ನಾನು ರಾಜನನ್ನು ಎಂದೂ ಅಷ್ಟು ಬಯಲಿಗೆ ತಂದಿರಲಿಲ್ಲ. ಇಲ್ಲಿ ಅವನು ಸುತ್ತ ಎಂಟೂ ಕಡೆ ನೋಡಿಕೊಂಡು, ಅವಳ ಪೇದೆಗಳಿಗೆ ತಾನೇ ಅಡ್ಡ ನಿಂತ. ಇಬ್ಬರ ಗಡಿಯಾರದಲ್ಲೂ ಸೆಕೆಂಡುಗಳು ಉಳಿದಿದ್ದಾಗ ಅವಳು ಕನ್ನಡಕ ತೆಗೆದು ಒರೆಸಿಕೊಂಡು ಕೈ ಚಾಚಿದಳು.

“ಡ್ರಾ?”

ನಾನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅರ್ಧ ಅಂಕ. ಮೇಡಂ ತಮ್ಮ ಹಾಳೆಯಲ್ಲಿ ಏನೋ ಬರೆದು ನನಗೆ ತೋರಿಸಿದರು: ಮುಂದಿನ ವರ್ಷದ ಪಟ್ಟಿಯಲ್ಲಿ ಕೊನೆಯ ಹೆಸರು ನನ್ನದು. ಕಾಯಿ ಎತ್ತಿಡುತ್ತಿದ್ದ ತೀರ್ಪುಗಾರರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

“ಯಾವೂರಮ್ಮ ನಿಂದು? ರಾಜನ್ನ ಯಾಕೆ ನೆಗೆಸ್ದೆ?”

“ಹುಣಸೂರು ಕಡೆ ಸರ್. ನಮ್ಮನೇಲಿ ಒಂದು ಸಲ ನೆಗೀಬೋದು.”

“ನಮ್ಮಮ್ಮನೂ ನೆಗೆಸ್ತಿದ್ರು” ಎಂದರು ಅವರು. ಆಮೇಲೆ ಬಿಳಿ ರಾಜನನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ ಡಬ್ಬಿಗೆ ಹಾಕಿದರು.

ಆ ವಾರದ ಕೊನೆಗೆ ಊರಿಗೆ ಹೋದೆ. ಹುಣಸೂರಿನಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟಿದಾಗ ಮಧ್ಯಾಹ್ನ. ಹೊಗೆಸೊಪ್ಪು ಬೇಯಿಸುವ ಕೆಲಸ ಮುಗಿದು ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುವ ಕಾಲ. ನಡುಮನೆಯ ಗೋಡೆಯುದ್ದಕ್ಕೂ ಎರಡೂ ಕಡೆ ಸೊಪ್ಪಿನ ರಾಶಿ. ಹಳದಿ, ಕಂದು, ಕಪ್ಪು. ಅಪ್ಪ ಅವ್ವ ರಾಶಿಗಳ ನಡುವೆ ತಲೆ ಬಗ್ಗಿಸಿ ಕೂತಿದ್ದರು. ಮಗ್ಗುಲಲ್ಲಿ ಕಾಲಿಡಲು ಜಾಗವೇ ಇರಲಿಲ್ಲ. ಹೊಸ್ತಿಲ ಬಳಿ ಒಂದು ಗಳಿಗೆ ನಿಂತೆ. ಬೆಂಚಿನ ಮೇಲೆ ತಾತ, ಅತ್ತ ಗೋಡೆಯ ಮೇಲೆ, ಅಂದು ಮೇಯಲು ಬಿಡದೆ ಕಟ್ಟಿದ್ದ ಕೆಂದಿಯ ಮೂತಿ. ಚಪ್ಪಲಿ ಬಿಟ್ಟು ನಡುವಿನಲ್ಲೇ ನಡೆದು ಹೋಗಿ ತಾತನ ಮುಂದೆ ನಿಂತೆ. ಅಜ್ಜಿ ಅಡಿಗೆಮನೆಯ ಬಾಗಿಲಿಗೆ ಬಂದವರು ಅಲ್ಲೇ ನಿಂತರು.

“ತಾತ, ಆಸ್ಟೆಲ್ ಉಳೀತು. ಮುಂದಿನ್ ವರ್ಸನೂ ಓದ್ತೀನಿ.”

ತಾತ ಕೆಂದಿಯ ಕಡೆ ನೋಡಿದರು. ಕೆಂದಿ ಮೆಲುಕು ಹಾಕುತ್ತಿತ್ತು. ಅವರು ಮತ್ತೆ ನನ್ನ ಕಡೆ ತಿರುಗಿದರು.

“ಗೆದ್ದಾ?”

“ಇಲ್ಲ ತಾತ. ಸಮ ಆಯ್ತು.”

“ಸೋಲ್ನಿಲ್ಲ ತಾನೆ. ಓದೋಗು.”

ಊಟವಾದ ಮೇಲೆ ಅಜ್ಜಿ ಮಣೆ ಮಗುಚಿದರು. ಆಡಿದ್ದನ್ನೆಲ್ಲ ತೋರಿಸು ಎಂದರು. ಸೊಪ್ಪಿನ ರಾಶಿಯಿಂದಾಗಿ ನಾವು ಕೂರಬೇಕಾದದ್ದೂ ನಡುವಿನಲ್ಲೇ, ಬೆಂಚಿನ ಬುಡದಲ್ಲೇ. ಮುಲಾಮಿನ ಸೀಸೆಯನ್ನು ನೆಗೆಸಿದ್ದನ್ನೂ, ತೀರ್ಪುಗಾರರು ಹಿಂದಕ್ಕಿಟ್ಟದ್ದನ್ನೂ ಹೇಳಿದಾಗ ಅಜ್ಜಿಗೆ ಸಿಟ್ಟೇ ಬಂತು.

“ಒಂದ್ ಸಲನಾರೂ ನೆಗಿಯಂಗಿಲ್ವಾ? ಅದೆಂತಾ ರಾಜನವ್ವ ಅವ್ನು! ಪೇದೆ ಎಲ್ಡೆಜ್ಜೆ ಓಡ್ಬೋದು, ರಾಜ ನೆಗಿಯಂಗಿಲ್ಲ. ನಿಮ್ ಪಟ್ಣದೋರ್ ನ್ಯಾಯ ಚಂದಾಗದೆ ಬುಡು.”

“ಒಂದಾಟ ಆಡು ಅಜ್ಜಿ, ಪಟ್ಟಣದ ನ್ಯಾಯದಲ್ಲೇ.”

ಗೊಣಗುತ್ತಲೇ ಕಾಯಿ ಜೋಡಿಸಿದರು. ಎರಡು ಹೆಜ್ಜೆ ಇಡು ಎಂದರೂ ಅವರ ಪೇದೆ ಒಂದೇ ಹೆಜ್ಜೆ ಇಟ್ಟಿತು; ಒಂಟೆ ಕಿಟಕಿಯಲ್ಲಿ ಕೂತಿತು. ನಾನು ಬೇಕೆಂದೇ ಮೂಲೆಯ ಪೇದೆಯನ್ನು ಎರಡು ಹೆಜ್ಜೆ ಓಡಿಸಿದೆ. ಮುಂದಿನ ಹೆಜ್ಜೆಗೆ ಅದು, ಅಷ್ಟರಲ್ಲಿ ಮುಂದೆ ಬಂದು ನಿಂತಿದ್ದ ಅವರ ಕಿವಿಮುರುಕ ಕುದುರೆಯನ್ನು ತಿನ್ನುವುದರಲ್ಲಿತ್ತು. ಅಜ್ಜಿ ನೋಡಿರಲಿಲ್ಲ, ಅವರ ಕೈ ಬೇರೆ ಕಾಯಿಯ ಮೇಲಿತ್ತು. ಆಗ ಬೆಂಚಿನ ಮೇಲಿಂದ ದನಿ ಬಂತು. ಅದು ಕೆಂದಿಯ ಕಡೆ ತಿರುಗಿದ ದನಿಯಲ್ಲ.

“ಏಯ್, ಕಿವಿಮುರುಕನ್ನ ನೋಡ್ಕೊ. ಹೋಯ್ತನೆ.”

ಅವ್ವನ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಅಪ್ಪ ತಲೆಯೆತ್ತಿದ. ಅಷ್ಟು ವರ್ಷ ಬೆನ್ನು ಮಾಡಿ ಕೂತಿದ್ದ ತಾತನಿಗೆ ಕುದುರೆಯ ಅಡ್ಡಹೆಸರೂ ಗೊತ್ತಿತ್ತು! ನಾನು ತಿರುಗಿ ನೋಡಿದರೆ ತಾತ ನಮ್ಮ ಕಡೆಗೇ ಬಾಗಿ, ಮೊಣಕಾಲ ಮೇಲೆ ಎರಡೂ ಕೈ ಊರಿಕೊಂಡು ಕೂತಿದ್ದರು. ಅಜ್ಜಿಯ ಕೈ ಕಾಯಿಯ ಮೇಲೆ ಹಾಗೇ ಇತ್ತು. ಕಿವಿ ಮಾತ್ರ ಕೆಂಪಗಾಗಿತ್ತು. ಅವರು ತಾತನ ಕಡೆ ನೋಡಲಿಲ್ಲ. ಮೆಲ್ಲಗೆ ಕುದುರೆಯನ್ನು ಎತ್ತಿ ಬೇರೆಡೆಗೆ ಇಟ್ಟರು. ಆಮೇಲೆ ಗೋಡೆಯ ಕಡೆಗೆ ಕತ್ತು ತಿರುಗಿಸಿ, ಎಂದಿಗಿಂತ ಮೆತ್ತಗಿನ ದನಿಯಲ್ಲಿ ಹೇಳಿದರು.

“ಕೆಂದೀ, ನಂಗೂ ಕಣ್ ಕಾಣ್ತದೆ ಅಂತ ಹೇಳವ್ವ.”